ಏಳನೆಯ ಅಧ್ಯಾಯಕ್ಕೆ ಬೀಜ ಬೀಳಲಿಲ್ಲ

ನಾಜಿಗಳ ಕಾಲದ ಪುಸ್ತಕವೊಂದಿದೆ, ಕನ್ನಡಕ್ಕೆ ತರುತ್ತೀರಾ ಎಂದು ಬೆಂಗಳೂರಿನ ಸಂಪಾದಕರು ಫೋನ್ ಮಾಡಿದಾಗ ನಾನು ಮುಖಕ್ಕೆ ಹೊಡೆದಂತೆ ಬೇಡ ಅಂದಿದ್ದೆ. ಮುಳ್ಳುತಂತಿ, ರೈಲು, ಹೊಗೆಗೂಡು ಎಲ್ಲ ಓದಿ ಅತ್ತಾಗಿದೆ, ಇನ್ನೊಮ್ಮೆ ಅಳುವ ತ್ರಾಣ ನನಗಿಲ್ಲ ಎಂದೆ. ಅವರು ಪಟ್ಟು ಬಿಡಲಿಲ್ಲ. ಇದರಲ್ಲಿ ಅದ್ಯಾವುದೂ ಇಲ್ಲ ಮೇಡಂ, ಡೆನ್ಮಾರ್ಕಿನ ಗಡಿಯ ಸಣ್ಣ ಊರೊಂದರಲ್ಲಿದ್ದ ಜರ್ಮನ್ ಮಂದಿಯ ಕಥೆ, ಒಬ್ಬ ಅಜ್ಜಿ ತನ್ನ ಬಾಲ್ಯ ಹೇಳಿಕೊಂಡಿದ್ದಾಳೆ, ಒಮ್ಮೆ ಓದಿ ನೋಡಿ ಎಂದರು. ಓದಿದೆ. ಓದಿದ ತಪ್ಪಿಗೆ ಒಪ್ಪಿಕೊಂಡೆ.

ಕಥೆ ಇಷ್ಟು. ಮೊದಲ ಮಹಾಯುದ್ಧ ಮುಗಿದ ಮೇಲೆ ಜನರ ಮತ ಕೇಳಿ ಅಲ್ಲಿ ಗಡಿಯನ್ನು ಸರಿಸಿದರು. ನಿನ್ನೆಯವರೆಗೆ ಜರ್ಮನಿಯಲ್ಲಿದ್ದ ಊರು ಡೆನ್ಮಾರ್ಕಿಗೆ ಸೇರಿತು. ಊರು ಕದಲಲಿಲ್ಲ, ಮನೆ ಕದಲಲಿಲ್ಲ, ಆದರೆ ಜರ್ಮನ್ ಮಾತಿನವರು ಒಂದೇ ಬೆಳಗಿಗೆ ಸ್ವಂತ ಊರಿನಲ್ಲಿ ಕೆಲವರಾದರು. ತಮ್ಮದೇ ಸಾಲಿ, ತಮ್ಮದೇ ಪತ್ರಿಕೆ, ತಮ್ಮದೇ ಹಾಡಿನ ಕೂಟ ಇಟ್ಟುಕೊಂಡು ಬದುಕಿದ್ದರು. ಗಡಿಯಾಚೆ ನಾಜಿಗಳು ಗದ್ದುಗೆ ಹಿಡಿದ ಮೇಲೆ ಆ ಹಾಡುಗಳು ಬದಲಾದವು. ಯಾರೂ ಬಂದು ಬಲವಂತ ಮಾಡಲಿಲ್ಲ. ಹೊಲದ ಕೆಲಸಕ್ಕೆ ಕೈಜೋಡಿಸಲು ಬಂದರು, ಹುಡುಗರಿಗೆ ಆಟ ಕಲಿಸಲು ಬಂದರು, ನೀವು ಕೆಲವರಲ್ಲ, ಬೆನ್ನಿಗೆ ಇಡೀ ಒಂದು ದೇಶವಿದೆ ಎಂದು ಹೇಳಲು ಬಂದರು. ಒಂಟಿತನದಲ್ಲಿದ್ದವರಿಗೆ ಆ ಮಾತು ಹಿತವಾಯಿತು.

ಬೀದರ ಜಿಲ್ಲೆಯವಳಿಗೆ ಗಡಿ ಸರಿಯುವುದೆಂದರೇನು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿಯೇ ಅಜ್ಜಿ ಮರಾಠಿಯಲ್ಲಿ ಬೈಯುತ್ತಿದ್ದಳು, ಅಜ್ಜ ಉರ್ದುವಿನಲ್ಲಿ ಸಹಿ ಹಾಕುತ್ತಿದ್ದ, ನಾನು ಕನ್ನಡದಲ್ಲಿ ಅಳುತ್ತಿದ್ದೆ. ಹಾಗಾಗಿ ಇದು ನನಗೆ ಸಲೀಸು ಎಂದುಕೊಂಡು, ಬೀದರಿನ ನೌಬಾದದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಕೂತೆ. ಜಂಬ ಅಂದರೆ ನನ್ನದು.

ನನ್ನ ಕೆಲಸಕ್ಕೆ ಒಂದು ರೀತಿ ಇದೆ. ಒಂದು ಅಧ್ಯಾಯ ಮುಗಿದರೆ ಭಾನುವಾರ ಭಾಲ್ಕಿಯ ಬಸ್ಸು ಹತ್ತಿ ಗುರುಜಿ ಮನೆಗೆ ಹೋಗುತ್ತೇನೆ. ಗುರುಜಿ ನನಗೆ ಐದನೆಯ ಇಯತ್ತೆಯಲ್ಲಿ ಕನ್ನಡ ಕಲಿಸಿದವರು. ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಈಗ ಎಂಬತ್ತೇಳು ದಾಟಿದೆ. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೇ, ಹಾಗಾಗಿಯೇ ಅವರು ನನಗೆ ಬೇಕು. ನಾನು ಗಟ್ಟಿಯಾಗಿ ಓದುತ್ತೇನೆ, ಅವರು ಕಣ್ಣುಮುಚ್ಚಿ ಕೇಳುತ್ತಾರೆ. ಎದುರಿಗೆ ಒಂದು ಬಟ್ಟಲು ಹುಣಸೆ ಬೀಜ, ಪಕ್ಕದಲ್ಲಿ ಒಂದು ಸ್ಟೀಲಿನ ತಾಟು. ಎಲ್ಲಿ ಮಾತು ಎಡವುತ್ತದೋ ಅಲ್ಲಿ ಒಂದು ಬೀಜ ತೆಗೆದು ತಾಟಿಗೆ ಹಾಕುತ್ತಾರೆ. ಟಣ್ ಎನ್ನುತ್ತದೆ. ನಡುವೆ ನಿಲ್ಲಿಸುವಂತಿಲ್ಲ, ಯಾಕೆ ಎಂದು ಕೇಳುವಂತಿಲ್ಲ. ಅಧ್ಯಾಯ ಮುಗಿದ ಮೇಲೆ ಬೀಜಗಳನ್ನು ಒಂದೊಂದಾಗಿ ಎತ್ತಿ, ಇದು ಇಂಥ ವಾಕ್ಯಕ್ಕೆ, ಇದು ಇಂಥದ್ದಕ್ಕೆ ಎಂದು ನೆನಪಿನಿಂದ ಹೇಳುತ್ತಾರೆ. ಆ ಟಣ್ ಶಬ್ದಕ್ಕೆ ನಾನು ಇಷ್ಟು ವಯಸ್ಸಿನಲ್ಲೂ ಅಂಜುತ್ತೇನೆ.

ಮೊದಲ ಅಧ್ಯಾಯಕ್ಕೆ ಹತ್ತೊಂಬತ್ತು ಬೀಜ ಬಿದ್ದವು. ಆ ಮಂದಿಯ ವ್ಯಾಯಾಮದ ಸಂಘಕ್ಕೆ ನಾನು ಏನೇನೋ ಹೆಸರು ಕೊಟ್ಟಿದ್ದೆ. ಗುರುಜಿ ಬೀಜ ಎತ್ತಿ, ನಮ್ಮ ಕಡೆ ತಾಲೀಮು ಅನ್ನೋ ಮಾತು ಸತ್ತದೇನು ಎಂದು ಕೇಳಿದರು. ಹಾಕಿದೆ, ಇಡೀ ಪುಟ ಎದ್ದು ನಿಂತಿತು. ಇನ್ನೊಂದು ಕಡೆ ಜಗಳವೇ ಆಯಿತು. ಆ ಊರಿನ ಹುಡುಗಿಯರು ತಾವು ಒಂದು ದಿನವೂ ಬಾಳದ ಜರ್ಮನಿಯನ್ನು ಬಲು ಮಮತೆಯ ಒಂದು ಮಾತಿನಿಂದ ಕರೆಯುತ್ತಿದ್ದರು. ನಾನು ಅದಕ್ಕೆ ತವರು ಎಂದು ಬರೆದಿದ್ದೆ. ಟಣ್.

"ಹುಟ್ಟಿದ ಮನಿಗಿ ತವರಂತಾರ ತಂಗೀ. ಕಣ್ಣಿಲೆ ಕಾಣದ ಊರಿಗಿ ಹ್ಯಾಂಗ ತವರಂತಾರ?"

ಅದೇ ಮೋಸ ಗುರುಜಿ, ಕಾಣದ ಊರನ್ನು ತವರೆನ್ನಲು ಕಲಿಸಿದರು, ಕಂಡ ಊರು ಪರಸ್ಥಳವಾಯಿತು, ಪುಸ್ತಕ ಇರುವುದೇ ಅದರ ಮೇಲೆ ಎಂದೆ. ಅವರು ತಾಟಿನಿಂದ ಆ ಬೀಜವನ್ನು ಎತ್ತಿ ಬಟ್ಟಲಿಗೆ ವಾಪಸು ಹಾಕಿದರು. ಹಾಕಿದ ಬೀಜ ಹಿಂದಕ್ಕೆ ಪಡೆದದ್ದು ಇಷ್ಟು ವರ್ಷಗಳಲ್ಲಿ ಅದೊಂದೇ ಸಲ. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಹಿರಿಹಿರಿ ಹಿಗ್ಗಿದೆ.

ಹೀಗೆ ಆರು ಅಧ್ಯಾಯ ನಡೆಯಿತು. ಬೀಜಗಳು ಹತ್ತೊಂಬತ್ತರಿಂದ ಹನ್ನೊಂದಕ್ಕೆ ಇಳಿದವು, ಎಂಟಕ್ಕೆ ಇಳಿದವು. ದಾರಿಯ ಎರಡೂ ಬದಿ ತೊಗರಿ ಹೂ ಬಿಟ್ಟು, ಕಾಯಿ ಕಟ್ಟಿ, ಕಟಾವಿಗೆ ಬಂತು. ನಾನು ಏಳನೆಯ ಅಧ್ಯಾಯ ಮುಗಿಸಿದೆ.

ಏಳನೆಯದು ಇಡೀ ಪುಸ್ತಕದ ಬೇರು. ಹುಡುಗಿಗೆ ಹನ್ನೊಂದು ವರ್ಷ. ಅಕ್ಷರ ಮುದ್ದಾಗಿದೆ ಎಂದು ಸಂಘದ ಮುಖಂಡ ಅವಳ ಕೈಗೆ ಒಂದು ನೋಟ್‌ಬುಕ್ ಕೊಡುತ್ತಾನೆ. ಜರ್ಮನ್ ಮನೆಗಳಲ್ಲಿ ಯಾರು ಕೂಟಕ್ಕೆ ಬರುವುದಿಲ್ಲ, ಯಾರು ಬಾವುಟ ಕಟ್ಟುವುದಿಲ್ಲ, ಯಾರು ಇನ್ನೂ ಡೇನರ ಅಂಗಡಿಯಲ್ಲೇ ಬ್ರೆಡ್ಡು ಕೊಳ್ಳುತ್ತಾರೆ, ಬರೆದು ಕೊಡು ಎನ್ನುತ್ತಾನೆ. ಅವಳಿಗೆ ಫ್ರಾಕು ಹೊಲಿದುಕೊಡುತ್ತಿದ್ದ ಒಬ್ಬ ದರ್ಜಿ ಹೆಂಗಸಿದ್ದಳು, ಅವಳೂ ಜರ್ಮನ್ನಳೇ, ಒಂಟಿ. ಹುಡುಗಿ ಅವಳ ಹೆಸರನ್ನೂ ಬರೆಯುತ್ತಾಳೆ. ಹಿಂದಿನ ವಾರ ಫ್ರಾಕಿನ ತೋಳು ಬಿಗಿಯಾಗಿತ್ತು ಎಂಬ ಸಿಟ್ಟಿತ್ತು, ಅಷ್ಟೇ. ಮುಂದೆ ಯಾರೂ ಆ ಹೆಂಗಸಿಗೆ ಬಟ್ಟೆ ಕೊಡಲಿಲ್ಲ, ಎದುರು ಸಿಕ್ಕರೆ ಮಾತಾಡಿಸಲಿಲ್ಲ. ಒಂದು ಬೆಳಿಗ್ಗೆ ಅವಳ ಬಾಗಿಲಿಗೆ ಬೀಗವಿತ್ತು. ಎಲ್ಲಿಗೆ ಹೋದಳೋ ಯಾರಿಗೂ ಗೊತ್ತಾಗಲಿಲ್ಲ.

ಆ ಭಾನುವಾರ ನಾನು ಇದನ್ನು ಓದಿದೆ. ಮುಕ್ಕಾಲು ತಾಸು ಹಿಡಿಯಿತು. ಮೊದಲ ಪುಟ ಕಳೆಯಿತು, ಟಣ್ ಇಲ್ಲ. ಐದನೆಯ ಪುಟ, ಇಲ್ಲ. ನನ್ನ ದನಿಗೆ ತಾನಾಗಿ ಏರು ಬಂತು, ದರ್ಜಿ ಹೆಂಗಸಿನ ಬೀಗದ ಹತ್ತಿರ ಸ್ವಲ್ಪ ನಾಟಕವನ್ನೂ ಮಾಡಿದೆ. ಮುಗಿಸಿ ನೋಡಿದರೆ ತಾಟು ಖಾಲಿ. ಗುರುಜಿ ಕಣ್ಣು ತೆರೆಯಲಿಲ್ಲ. ಅವರ ಬಲಗೈ ಬಟ್ಟಲಿನೊಳಗೇ ಇತ್ತು, ಮುಷ್ಟಿ ಕಟ್ಟಿತ್ತು. ನಾನು ಅದನ್ನು ನೋಡಿಯೂ ನೋಡಲಿಲ್ಲ. ಒಂದೂ ಬೀಜ ಬೀಳದ ಅಧ್ಯಾಯ, ನನ್ನ ಜನ್ಮದಲ್ಲಿ ಮೊದಲನೆಯದು. ಕಾಲಿಗೆ ನಮಸ್ಕಾರ ಮಾಡಿ, ಬಸ್ಸು ತಪ್ಪುತ್ತದೆ ಎಂದು ಹೊರಟುಬಂದೆ. ನಮ್ಮವರಿಗೆ ಫೋನ್ ಮಾಡಿ, ಇವತ್ತು ಪೇಢೆ ತರುತ್ತೇನೆ ಎಂದೂ ಹೇಳಿದೆ. ಕಿವಿಯಿಂದ ಕೆಲಸ ಮಾಡುವವಳಿಗೆ ಕಣ್ಣು ಇರಲಿಲ್ಲ ನೋಡಿ.

ಮರುದಿನ ಬೆಳಿಗ್ಗೆ ಅವರ ಸೊಸೆಯ ಫೋನು ಬಂತು. ಮಾವನವರು ರಾತ್ರಿ ಉಂಡಿಲ್ಲ, ಬೆಳಿಗ್ಗೆ ಚಹಾನೂ ಒಲ್ಲೆ ಅಂದಾರ, ನಿನ್ನೆ ಏನರೆ ಮಾತಾಯ್ತೇನ್ರಿ ಅಕ್ಕಾರ ಎಂದು ಕೇಳಿದಳು. ಏನೂ ಆಗಿಲ್ಲ, ಓದಿ ಬಂದೆ ಎಂದೆ. ಗುರುಜಿ ಫೋನಿಗೆ ಬಂದರು. ಎರಡೇ ಮಾತು. ಆ ಏಳನೆಯ ಅಧ್ಯಾಯ ತೆಗೆದುಬಿಡು, ಪುಸ್ತಕಕ್ಕೆ ಅದರ ಅಗತ್ಯವಿಲ್ಲ ಎಂದರು. ಯಾಕ್ರಿ ಅಂದೆ. ತೆಗೆದುಬಿಡು ತಂಗೀ ಎಂದು ಇನ್ನೊಮ್ಮೆ ಹೇಳಿ ಫೋನು ಸೊಸೆಯ ಕೈಗೆ ಕೊಟ್ಟರು.

ನನಗೆ ತಲೆ ಕೆಟ್ಟುಹೋಯಿತು. ಬೇರು ಕಿತ್ತರೆ ಗಿಡ ಹೇಗೆ ನಿಲ್ಲಬೇಕು? ಆದರೆ ಈ ಮನುಷ್ಯ ನನಗೆ ಅಕ್ಷರ ತಿದ್ದಿಸಿದವರು. ಹುಡುಗಿಗೆ ಹತ್ತನೆಯದು ಸಾಕು ಎಂದು ನಮ್ಮಪ್ಪ ಹಟ ಹಿಡಿದಾಗ ಮನೆ ಬಾಗಿಲಿಗೆ ಬಂದು ಕೂತು, ಹೂಂ ಅನ್ನುವವರೆಗೆ ಎದ್ದು ಹೋಗದಿದ್ದವರು. ಅವರು ನನ್ನನ್ನು ಏನೂ ಕೇಳಿದವರೇ ಅಲ್ಲ, ಇದೊಂದನ್ನು ಕೇಳಿದ್ದಾರೆ. ಅದರ ಮೇಲೆ ಸಂಪಾದಕರೂ ಅದೇ ವಾರ ಫೋನ್ ಮಾಡಿ, ಪುಸ್ತಕ ದಪ್ಪವಾಗುತ್ತಿದೆ, ಮೂವತ್ತು ಪುಟ ಕಡಿಮೆ ಮಾಡಲಾದೀತೇ, ಮೂಲದವರ ಅನುಮತಿ ನಾನು ಪಡೆಯುತ್ತೇನೆ ಎಂದರು. ರೋಗಿ ಬಯಸಿದ್ದೂ ವೈದ್ಯ ಹೇಳಿದ್ದೂ ಒಂದೇ ಆಯಿತು. ಏಳನೆಯದನ್ನು ತೆಗೆದು, ಆಗಲೇ ಕರಡಾಗಿದ್ದ ಎಂಟಕ್ಕೆ ಏಳು ಎಂದು ನಂಬರು ಹಾಕಿ, ಎರಡು ಕಡೆ ಹೊಲಿಗೆ ಹಾಕಿ ಆದಷ್ಟನ್ನು ಕಳಿಸಿದೆ. ಸಂಪಾದಕರು ಸಂತೋಷಪಟ್ಟರು. ಎಲ್ಲರೂ ಸಂತೋಷವಾಗಿದ್ದರು, ನನ್ನೊಬ್ಬಳ ಹೊರತು. ನಾನೂ ಎರಡು ದಿನಕ್ಕೆ ಸರಿಹೋದೆ, ಸುಳ್ಳೇಕೆ ಹೇಳಲಿ.

ಮುಂದಿನ ಭಾನುವಾರ ಹೊಸ ಏಳನೆಯದನ್ನು ಒಯ್ದೆ. ಯುದ್ಧ ಮುಗಿದಿದೆ, ಹುಡುಗಿಯ ಅಪ್ಪನನ್ನು ಡೆನ್ಮಾರ್ಕಿನ ಪೊಲೀಸರು ಹಿಡಿದೊಯ್ದಿದ್ದಾರೆ, ಊರಿನವರು ಅವಳ ತಾಯಿಯನ್ನು ಮಾತಾಡಿಸುವುದಿಲ್ಲ. ಸರಳವಾದ ಭಾಗ, ಕಷ್ಟದ ಮಾತುಗಳಿಲ್ಲ. ಓದತೊಡಗಿದೆ. ಟಣ್. ಮುಂದಿನ ವಾಕ್ಯಕ್ಕೆ ಟಣ್. ಅದರ ಮುಂದಿನದಕ್ಕೂ. ಬೀಜ ಬೀಳುತ್ತಲೇ ಹೋದವು, ನಾನು ಓದುತ್ತಲೇ ಹೋದೆ, ನನ್ನ ಕಣ್ಣಲ್ಲಿ ನೀರು ಬಂತು, ಸಿಟ್ಟಿಗೋ ಅವಮಾನಕ್ಕೋ ತಿಳಿಯದು. ಕೊನೆಗೆ ಬಟ್ಟಲು ಬರಿದಾಯಿತು. ಒಳಗಿನಿಂದ ಸೊಸೆ ಬಂದು ಬಾಗಿಲಲ್ಲಿ ನಿಂತಳು.

ನಾನು ತಡೆಯಲಾರದೆ ಅಂದುಬಿಟ್ಟೆ: ನೀವೇ ತೆಗೆ ಅಂದಿರಿ, ತೆಗೆದೆ, ಈಗ ಹೀಗೆ ಮಾಡಿದರೆ ನಾನು ಯಾರ ಹತ್ತಿರ ಹೋಗಲಿ?

"ಹೌದು, ನಾನೇ ಅಂದೆ," ಎಂದರು ಗುರುಜಿ. "ನೀ ತೆಗಿಯಂಗಿಲ್ಲಂತ ತಿಳಿದಿದ್ದೆ. ಇಷ್ಟ್ ಸುಲಭ ಏನು ತೆಗಿಯೋದು?"

ಆಮೇಲೆ ಸೊಸೆಯನ್ನು ಒಳಗೆ ಹೋಗಲು ಹೇಳಲಿಲ್ಲ. ಆಕಿನೂ ಕೇಳಲಿ ಎಂದರು. ಹೇಳಿದರು.

ಅವರ ಊರು ಔರಾದ ತಾಲೂಕಿನಲ್ಲಿ, ಸಂತಪುರದಿಂದ ಆಚೆ. ಹೆಸರು ಬೇಡ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ವರ್ಷ ಅವರಿಗೆ ಹತ್ತು. ಮೂಲೆ ಮನೆ ಇವರದು, ಮೂರು ಬಾಗಿಲು ಬಿಟ್ಟು ಪಿಂಜಾರರ ಮನೆ. ಆ ಮನೆಯ ಎರಡನೆಯ ಮಗ ಇವರ ಓರಗೆಯ ಗೆಳೆಯ. ಅವನ ತಾಯಿ ಇವರಿಗೂ ಸೇರಿಸಿಯೇ ರೊಟ್ಟಿ ಬಡಿಯುತ್ತಿದ್ದಳು. ಆ ವರ್ಷ ಊರಿಗೆ ನಿಜಾಮನ ಕಡೆಯ ಹೊರಗಿನವರು ಬಂದು ನಾಲ್ಕು ಮುಸಲ್ಮಾನ ಹುಡುಗರಿಗೆ ಖಾಕಿ ತೊಡಿಸಿ ಕವಾಯತು ಕಲಿಸಿದ್ದರು, ನೀವು ಕೆಲವರಲ್ಲ ಎಂದು ಹೇಳಿದ್ದರು. ಪಿಂಜಾರರ ಹಿರಿಯ ಮಗ ಹೋದ, ತಂದೆ ಎಷ್ಟು ಬೈದರೂ ಕೇಳಲಿಲ್ಲ. ಆ ಪಡೆಯವರು ಸುತ್ತಿನ ಹಳ್ಳಿಗಳನ್ನು ದೋಚಿದರು, ಗುರುಜಿಯ ಸೋದರಮಾವನ ಬಣವೆಗೆ ಬೆಂಕಿ ಬಿತ್ತು. ಗೆಳೆಯ ಒಂದು ದಿನ ಅಣ್ಣನ ಮಾತನ್ನು ಗಿಣಿಯಂತೆ ಒಪ್ಪಿಸಿ, ಇನ್ನು ಊರೆಲ್ಲ ನಮ್ಮದೇ ಎಂದ. ಹುಡುಗರಿಬ್ಬರಿಗೂ ಮಾತು ಬಿಟ್ಟುಹೋಯಿತು.

ಭಾರತದ ಸೈನ್ಯ ಬಂತು. ಕವಾಯತು ಮಾಡಿದವರು ಓಡಿಹೋದರು, ಮಾಡದವರು ಮನೆಯಲ್ಲಿ ಉಳಿದರು. ಆಗ ಇನ್ನೊಂದು ಕಡೆಯ ಹೊರಗಿನವರು ಗುಂಪು ಕಟ್ಟಿಕೊಂಡು ಹಳ್ಳಿಹಳ್ಳಿಗೆ ಹೊರಟಿದ್ದಾರೆ ಎಂಬ ಸುದ್ದಿ. ಊರ ಹಿರಿಯರು ಕೂಡಿ, ನಮ್ಮ ಮನೆ ಯಾವುದು ಎಂದು ಅವರಿಗೆ ತಿಳಿಯಲಿ, ಬಾಗಿಲಿಗೆ ಸುಣ್ಣದ ಗುರುತು ಹಾಕಿಸಿ ಎಂದರು. ಮಹಾನವಮಿಗೆ ಮನೆ ಬಳಿಯಲು ನೆನೆಸಿಟ್ಟ ಸುಣ್ಣವಿತ್ತು. ಡಬ್ಬಿಯನ್ನು ಇವರ ಕೈಗೆ ಕೊಟ್ಟರು. ಮೂರು ಬೆರಳು ಅದ್ದಿ ಬಾಗಿಲಿಗೆ ಅಡ್ಡ ಎಳೆಯುವುದು, ಕೆಲಸ ಅಷ್ಟೇ. ಯಾವ ಮನೆಗೆ ಹಾಕಬೇಡ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ದರ್ಗಾದ ಬಳಿಯ ಎರಡು ಮನೆಗಳಿಗೆ ಗಾಣಿಗರ ಅಜ್ಜ ತಾನೇ ನಿಂತು ಗುರುತು ಹಾಕಿಸಿದ, ಆ ಎರಡೂ ಮನೆ ಉಳಿದವು.

"ಪಿಂಜಾರರ ಬಾಗಿಲು ಬಂತು. ನಿಂತೆ," ಎಂದರು ಗುರುಜಿ. "ಒಂದ್ ದಿನ ಅಂಜಲಿ ಅಂದೆ ತಂಗೀ. ಊರೆಲ್ಲ ನಮ್ದೇ ಅಂದಿದ್ದನಲ್ಲ, ಒಂದ್ ದಿನ ಅಂಜಲಿ ಅಂತ. ಅಷ್ಟೇ. ಡಬ್ಬ್ಯಾಗ ಇನ್ನಾ ಸುಣ್ಣ ಇತ್ತು. ಬಾವಿ ಕಟ್ಟಿಗಿ ಹೋಗಿ ಚೆಲ್ಲಿದೆ."

ಆ ಮನೆಯ ಗಂಡಸರು ಉಳಿಯಲಿಲ್ಲ. ತಂದೆಯೂ ಇಲ್ಲ, ಗೆಳೆಯನೂ ಇಲ್ಲ. ಗಾಣಿಗರ ಮನೆಯವರು ತಾಯಿಯನ್ನೂ ಏಳು ವರ್ಷದ ಮಗಳನ್ನೂ ಹಿತ್ತಲಿಂದ ಎಳೆದುಕೊಂಡು ಅಟ್ಟದಲ್ಲಿ ಮುಚ್ಚಿಟ್ಟರು. ನಾಲ್ಕು ದಿನದ ಮೇಲೆ ಇಬ್ಬರೂ ಬೀದರಿಗೆ ಹೋದರು. ಗುರುಜಿ ಮೂವತ್ತೈದು ವರ್ಷ ಸಾಲಿ ಕಲಿಸಿದರು, ಎಷ್ಟು ಮಕ್ಕಳಿಗೆ ಸತ್ಯ ನುಡಿಯಬೇಕು ಎಂದು ಬರೆಸಿದರೋ. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಏಳನೆಯ ಅಧ್ಯಾಯ ಕೇಳುವಾಗ ಆ ಜರ್ಮನ್ ಮುದುಕಿಯ ಮೇಲೆ ಹೊಟ್ಟೆಕಿಚ್ಚಾಯಿತು ಎಂದರು. ಅವಳಿಗೆ ಹೇಳಲು ಬಾಯಿ ಬಂತಲ್ಲ ಎಂದು. ಕುಂಬಳಕಾಯಿ ಕಳ್ಳ ಅಂದರೆ ನಾನು ಹೆಗಲು ಮುಟ್ಟಿ ನೋಡಿಕೊಂಡೆ ಎಂದು ನಕ್ಕರು. ಅಂಥ ನಗೆಯನ್ನು ನಾನು ಮತ್ತೆ ನೋಡಲಾರೆ. ಸೊಸೆ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು.

ಅಧ್ಯಾಯ ವಾಪಸು ಹಾಕುತ್ತೇನೆ ಎಂದೆ. ಹಾಕು, ಆದರೆ ಅಚ್ಚಿಗೆ ಹೋಗುವ ಮೊದಲು ಅದನ್ನು ಒಬ್ಬರಿಗೆ ಓದಬೇಕು, ನಾನೇ ಓದಬೇಕು ಎಂದರು. ಆ ಏಳು ವರ್ಷದ ಹುಡುಗಿ ಇನ್ನೂ ಇದ್ದಾಳೆ, ಬೀದರಿನ ಹಳೆಯ ಪ್ಯಾಟಿಯಲ್ಲಿ. ಎಷ್ಟೋ ವರ್ಷದ ಹಿಂದೆ ಅವಳ ಮೊಮ್ಮಗ ಭಾಲ್ಕಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಇವರ ಸಾಲಿಗೇ ಬಂದಿದ್ದ. ದಾಖಲಾತಿಯ ದಿನ ಅವನ ಮನೆಯ ಹಿರಿಯರು ಎಲ್ಲಿಯವರೆಂದು ಕೇಳಿ, ಅಜ್ಜಿ ಆ ಊರಿನ ಪಿಂಜಾರರ ಮಗಳೆಂಬ ಉತ್ತರ ಕೇಳಿದವರೇ ಪೆನ್ನು ಕೆಳಗಿಟ್ಟಿದ್ದರಂತೆ. ಅವನನ್ನು ಏಳನೆಯ ಇಯತ್ತೆಯವರೆಗೂ ಮೊದಲ ಸಾಲಿನಲ್ಲಿ ಕೂರಿಸಿದರು. ಮಾಡಿದ್ದು ಅಷ್ಟೇ, ಮನೆಗೆ ಮಾತ್ರ ಹೋಗಲಿಲ್ಲ.

ಸಂಪಾದಕರಿಗೆ ಫೋನ್ ಮಾಡಿ, ಅಧ್ಯಾಯ ಇರಲೇಬೇಕು, ಇಲ್ಲದಿದ್ದರೆ ನನ್ನ ಹೆಸರು ತೆಗೆಯಿರಿ ಎಂದೆ. ಎರಡು ಬೇಡದ ಪರಿಶಿಷ್ಟ ಕಿತ್ತು ಮೂವತ್ತು ಪುಟ ಸರಿದೂಗಿಸಿದೆವು. ಆ ವಾರವೆಲ್ಲ ಕೂತು ಏಳನೆಯದನ್ನು ಇನ್ನೊಮ್ಮೆ ತಿದ್ದಿದೆ. ಬೀಗದ ಹತ್ತಿರ ನಾನು ಓದುವಾಗ ಮಾಡಿದ ನಾಟಕ ಬರವಣಿಗೆಯಲ್ಲೂ ಇತ್ತು. ಮೂಲದಲ್ಲಿ ಆ ಜರ್ಮನ್ ಮುದುಕಿ ಬರೀ ಬೀಗ ನೋಡಿ ಮನೆಗೆ ಬಂದೆ ಎನ್ನುತ್ತಾಳೆ. ನಾನು ಎದೆ ಒಡೆಯಿತು ಎಂದು ಸೇರಿಸಿದ್ದೆ. ಎದೆ ಕಿತ್ತು ಹಾಕಿದೆ.

ಮೊಮ್ಮಗನಿಗೆ ಫೋನ್ ಮಾಡಿದ್ದು ನಾನು. ಅವನಿಗೀಗ ನಲವತ್ತು ದಾಟಿದೆ, ವಾಚ್ ರಿಪೇರಿಯ ಅಂಗಡಿ ಇದೆ. ಹೆಡ್‌ಮಾಸ್ತರರು ಬರುತ್ತಾರೆಂದರೆ ಸಂಭ್ರಮವೋ ಸಂಭ್ರಮ. ಶನಿವಾರ ಬೆಳಿಗ್ಗೆ ಗುರುಜಿಯನ್ನು ಭಾಲ್ಕಿಯಿಂದ ಕರೆತಂದು ಬಸ್‌ಸ್ಟ್ಯಾಂಡಿನಿಂದ ಆಟೋ ಹತ್ತಿಸಿದೆ. ದಾರಿಯುದ್ದಕ್ಕೂ ಅವರ ಮೊಳಕಾಲಿನ ಮೇಲೆ ನನ್ನ ಹಸ್ತಪ್ರತಿ ಇತ್ತು, ಗಾಳಿಗೆ ಹಾರದಂತೆ ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು.

ಅಜ್ಜಿ ಪಡಸಾಲೆಯಲ್ಲಿ ಮಂಚದ ಮೇಲೆ ಕೂತಿದ್ದಳು. ಸಣ್ಣ ಜೀವ, ಬಿಳಿ ದುಪಟ್ಟಾ, ಕಿವಿ ಚುರುಕು. ಮನೆಯವರೆಲ್ಲ ದಖನಿಯಲ್ಲಿ ಮಾತಾಡುತ್ತಿದ್ದರು. ಗುರುಜಿ ಊರಿನ ಹೆಸರು ಹೇಳಿ, ಮೂಲಿ ಮನಿಯವ ಎಂದ ಕೂಡಲೇ ಅವಳು ಆ ಊರಿನ ಕನ್ನಡಕ್ಕೆ ಹೊರಳಿದಳು, ಎಂಬತ್ತು ವರ್ಷಗಳ ಹತ್ತಿರ ಮಡಿಚಿಟ್ಟಿದ್ದನ್ನು ಬಿಡಿಸಿದಂತೆ. ಭಾಯಿ ಎಂದು ಕರೆದು, ಮುಖ ಸವರಲು ಕೈ ಚಾಚಿದಳು. ಗುರುಜಿ ತಲೆ ತಗ್ಗಿಸಿ ಕೊಟ್ಟರು. ನಾನು ಗೋಡೆ ಕಡೆ ನೋಡಿದೆ.

ಒಂದು ಪುಸ್ತಕ ಓದಿ ಹೇಳುತ್ತೇನೆ, ಕೇಳಬೇಕು ಎಂದರು. ಓದಿದರು. ನನ್ನಂತೆ ಏರಿಳಿತವಿಲ್ಲ, ಸಾಲಿಯಲ್ಲಿ ಉಕ್ತಲೇಖನ ಹೇಳುವ ದನಿ. ಅಜ್ಜಿ ಮುಂದಕ್ಕೆ ಬಾಗಿ ಕೇಳಿದಳು. ದರ್ಜಿ ಹೆಂಗಸಿನ ಬಾಗಿಲಿಗೆ ಬೀಗ ಬಿದ್ದಲ್ಲಿ, ಅಯ್ಯೋ ಪಾಪ ಎಂದಳು. ಮುಗಿಯಿತು. ಗುರುಜಿ ಕನ್ನಡಕ ತೆಗೆದು, ಹಿಂಗೇ ನಮ್ಮೂರಾಗೂ ಒಬ್ಬ ಹುಡುಗ ಎಂದು ಶುರುಮಾಡಿದರು. ಅಷ್ಟರಲ್ಲಿ ಅಜ್ಜಿಯೇ ಅವರ ಕೈ ಮೇಲೆ ಕೈಯಿಟ್ಟು ಮಾತು ಎತ್ತಿಕೊಂಡಳು.

"ನನಗ ಒಂದೇ ನೆನಪದ ಭಾಯಿ. ಸುಣ್ಣದ ಡಬ್ಬಿ ಹಿಡ್ಕೊಂಡು ನೀ ಬರೋದು ಅಮ್ಮಿ ಕಿಡಕ್ಯಾಗಿಂದ ನೋಡಿದ್ಳು. ಮಳಿ ಬಂದು ನಮ್ಮ ಬಾಗ್ಲಿಗಿ ರಾಡಿ ಸಿಡಿದಿತ್ತು. ರಾಡಿ ಮ್ಯಾಲ ಸುಣ್ಣ ಹಿಡಿಯಂಗಿಲ್ಲಂತ ಸೆರಗಿಲೆ ಒರಸಿದ್ಳು. ನಮ್ಮ ಹುಡುಗ ಬರ್ಲಾಕತ್ತಾನ ಅಂದ್ಳು."

ಮೊಮ್ಮಗ ಏನೂ ತಿಳಿಯದೆ ನನ್ನ ಮುಖ ನೋಡಿದ.

"ನೀ ಬರ್ಲಿಲ್ಲ. ಅಮ್ಮಿ ಒಂದ್ ದಿನ ನಿನಗ ಬೈಲಿಲ್ಲ. ಸಾಯೋ ತನಕ ಅದೇ ಅಂತಿದ್ಳು, ಪಾಪ, ಹುಡುಗನ ಡಬ್ಬ್ಯಾಗ ಸುಣ್ಣ ತೀರಿರ್ಬೇಕು ಅಂತ."

ಆ ಹೊತ್ತಿನಲ್ಲಿ ನಾನು ಬೇಡಿಕೊಂಡದ್ದು ಏನೆಂದು ಬರೆದೇಬಿಡುತ್ತೇನೆ. ಸುಮ್ಮನಿರಲಿ ದೇವರೇ, ಈ ಮನುಷ್ಯ ಈಗ ಸುಮ್ಮನಿರಲಿ ಎಂದು ಬೇಡಿಕೊಂಡೆ. ಸತ್ತ ತಾಯಿ ತಾನಾಗಿ ಕ್ಷಮೆ ಕೊಟ್ಟು ಹೋಗಿದ್ದಳು. ಹೂಂ ಎಂದರೆ ಮುಗಿಯಿತು, ಚಹಾ ಕುಡಿದು ಏಳಬಹುದಿತ್ತು.

"ಇಲ್ಲವ್ವಾ," ಎಂದರು ಗುರುಜಿ. "ತೀರಿದ್ದಿಲ್ಲ."

ಉಳಿದದ್ದನ್ನೂ ಹೇಳಿದರು. ಬಾಗಿಲ ಮುಂದೆ ನಿಂತದ್ದು, ಒಂದು ದಿನ ಅಂಜಲಿ ಅಂದುಕೊಂಡದ್ದು, ಬಾವಿ ಕಟ್ಟೆ. ಅಜ್ಜಿ ಕೊನೆಯವರೆಗೂ ಕೇಳಿದಳು. ಅಳಲಿಲ್ಲ, ಬೈಯಲಿಲ್ಲ. ಗುರುಜಿಯ ಕೈಯ ಮೇಲಿದ್ದ ತನ್ನ ಕೈ ತೆಗೆದುಕೊಂಡಳು. ಕೋಲು ಹುಡುಕಿ, ಮೊಮ್ಮಗ ಆಸರೆ ಕೊಡಲು ಬಂದರೆ ಬೇಡವೆಂದು, ತಾನೇ ಎದ್ದು ಒಳಗೆ ಹೋದಳು. ಪರದೆ ಬಿತ್ತು. ಸ್ವಲ್ಪ ಹೊತ್ತಿಗೆ ಚಹಾ ಬಂತು, ಬಿಸ್ಕತ್ತು ಬಂತು. ಅವಳು ಬರಲಿಲ್ಲ. ಚಹಾ ಆರಿ ಕೆನೆಗಟ್ಟಿತು. ಗುರುಜಿ ಆ ಕೆನೆಗಟ್ಟಿದ ಚಹಾ ಪೂರ್ತಿ ಕುಡಿದು, ಕಪ್ಪು ಕೆಳಗಿಟ್ಟು, ಹೋಗೋಣ ನಡಿ ಎಂದರು.

ಉಳಿದ ಮೂರು ಅಧ್ಯಾಯಗಳನ್ನು ಓದಲು ಹೋದಾಗ ಬಟ್ಟಲೂ ಇರಲಿಲ್ಲ, ತಾಟೂ ಇರಲಿಲ್ಲ. ಓದು, ಕೇಳ್ತೇನಿ ಎಂದರು. ಕೇಳಿದರು, ಏನೂ ಹೇಳಲಿಲ್ಲ. ಆ ಮೂರರಲ್ಲಿ ಎಡವುವ ವಾಕ್ಯಗಳಿವೆ ಎಂದು ನನಗೇ ಗೊತ್ತು. ಹಾಗೆಯೇ ಅಚ್ಚಾಗಿವೆ.

ಪುಸ್ತಕ ಬಂದ ತಿಂಗಳಿಗೆ ಮೊಮ್ಮಗ ಫೋನ್ ಮಾಡಿದ. ದಾದಿ ಒಂದು ಮಾತು ಕೇಳಬೇಕಂತೆ ಎಂದು ಅವಳ ಕೈಗೇ ಕೊಟ್ಟ. ಅವಳು ಕೇಳಿದ್ದು ಗುರುಜಿಯ ಬಗ್ಗೆ ಅಲ್ಲ. ಆ ದರ್ಜಿ ಹೆಂಗಸಿಗೆ ತನ್ನ ಹೆಸರು ಬರೆದವಳು ಯಾರೆಂದು ಗೊತ್ತಾಯಿತೇ ಎಂದು ಕೇಳಿದಳು. ಪುಸ್ತಕದಲ್ಲಿ ಅದು ಬಂದಿಲ್ಲ ಎಂದೆ.

"ಗೊತ್ತಾಗಿರ್ಲಿಕ್ಕಿಲ್ಲ ಬಿಡವ್ವಾ," ಎಂದಳು. "ಗೊತ್ತಾಗದಿದ್ರನೇ ಚಲೋ."

ಗುರುಜಿ ಈಗಲೂ ಪ್ರತಿ ಭಾನುವಾರ ಕೇಳುತ್ತಾರೆ, ಹಳೇ ಪ್ಯಾಟಿಯಿಂದ ಏನರೆ ಸುದ್ದಿ ಬಂತೇನು ಅಂತ. ಆ ಫೋನಿನ ಮಾತು ಹೇಳಬೇಕೆಂದೇ ಬಸ್ಸು ಹತ್ತಿರುತ್ತೇನೆ. ಇಲ್ರಿ ಗುರುಜಿ ಎಂದು ಹೇಳಿ, ಚಹಾ ಕುಡಿದು ಬರುತ್ತೇನೆ.